ಗೀಸರ್ ಕಾಯಿಲ್ ಬೇರೆ, ರಕ್ತನಾಳ ಬೇರೆ

ನಮಸ್ಕಾರ,

ರಕ್ತನಾಳದಲ್ಲಿ ಸುಣ್ಣ ಕಟ್ಟುವುದರ ಬಗ್ಗೆ ನೀವು ಕಳಿಸಿದ ‘ದೇಹದೊಳಗಿನ ಸುಣ್ಣ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ, ತಿದ್ದಿ ಕಳಿಸಿ.

ಶುರು ಚೆನ್ನಾಗಿದೆ. ಮಹದೇವಪುರದ ನಿಮ್ಮ ಮನೆಯ ಬೋರ್‌ವೆಲ್ ನೀರಿಗೆ ಗೀಸರ್ ಕಾಯಿಲ್ ಬೆಳ್ಳಗಾಗಿದ್ದು, ಪ್ಲಂಬರ್ ಸ್ಕ್ರೂಡ್ರೈವರ್‌ನಲ್ಲಿ ಕೆರೆದಾಗ ಚಕ್ಕೆ ಚಕ್ಕೆಯಾಗಿ ಉದುರಿದ್ದು ಕಣ್ಣಿಗೆ ಕಟ್ಟುತ್ತದೆ. ತೊಂದರೆ ಇರುವುದು ಅದರ ಮುಂದಿನ ಸಾಲಿನಲ್ಲಿ: ‘ರಕ್ತನಾಳದಲ್ಲೂ ಹೀಗೇ ಆಗುತ್ತದೆ.’ ಹೀಗಾಗುವುದಿಲ್ಲ. ಕಾಯಿಲ್ ಸುಮ್ನೆ ಬಿದ್ದಿರುವ ಲೋಹ. ರಕ್ತನಾಳ ಮಾತ್ರ ತನ್ನಲ್ಲಿ ಸುಣ್ಣ ಕಟ್ಟದಂತೆ ಹಗಲೂ ರಾತ್ರಿ ಕಾಯುತ್ತಿರುತ್ತದೆ. ಆ ಕಾವಲು ಹೇಗೆ ತಪ್ಪುತ್ತದೆ ಅನ್ನುವುದೇ ನೀವು ಹೇಳಬೇಕಾದ ಕಥೆ.

ಅದಕ್ಕೆ ಎರಡು ಕಿಣ್ವ ಸಾಕು. ಇಎನ್‌ಪಿಪಿ1 ಅನ್ನುವುದು ಜೀವಕೋಶದ ಹೊರಗಿನ ಎಟಿಪಿಯನ್ನು (ಜೀವಕೋಶ ಶಕ್ತಿಗೆ ಬಳಸುವ ಅಣು) ಮುರಿದು ಪೈರೋಫಾಸ್ಫೇಟ್ ಮಾಡುತ್ತದೆ. ಸುಣ್ಣದ ಹರಳು ಬೆಳೆಯದಂತೆ ತಡೆಯುವುದು ಈ ಪೈರೋಫಾಸ್ಫೇಟೇ. ಎರಡನೆಯ ಕಿಣ್ವ ಆಲ್ಕಲೈನ್ ಫಾಸ್ಫಟೇಸ್ ಇದನ್ನು ಒಡೆದು ಫಾಸ್ಫೇಟ್ ಮಾಡುತ್ತದೆ. ಅಲ್ಲಿಗೆ ತಡೆಯೂ ಹೋಯಿತು, ಹರಳಿಗೆ ಬೇಕಾದ ಸರಕೂ ಸಿಕ್ಕಿತು. ಮೂಳೆಯಲ್ಲಿ ಇದು ಆಗಲೇಬೇಕು. ಜೀವರಸಾಯನ ವಿಜ್ಞಾನಿ ರಾಬರ್ಟ್ ರಾಬಿಸನ್ 1923ರಲ್ಲಿ ಈ ಕಿಣ್ವವನ್ನು ಗುರುತಿಸಿದ್ದೂ ಮೂಳೆಯಲ್ಲೇ. ರಕ್ತನಾಳದ ಗೋಡೆಯಲ್ಲಿ ಇದರ ಕೆಲಸ ಜಾಸ್ತಿಯಾದರೆ ಕಷ್ಟ.

ಹಾಗಾಗಿ ನೀವು ಆಲ್ಕಲೈನ್ ಫಾಸ್ಫಟೇಸನ್ನು ‘ಶತ್ರು’ ಎಂದು ಕರೆದದ್ದು ಸರಿಯಲ್ಲ. ಹುಟ್ಟಿನಿಂದಲೇ ಈ ಕಿಣ್ವ ಕಡಿಮೆಯಿರುವ ಮಕ್ಕಳ ಮೂಳೆ ಮೆತ್ತಗಾಗುತ್ತದೆ, ಹಾಲುಹಲ್ಲು ಬೇರು ಸಮೇತ ಬೇಗ ಬಿದ್ದುಹೋಗುತ್ತದೆ. ಇಎನ್‌ಪಿಪಿ1 ಕೆಲಸ ಮಾಡದ ಕೂಸಿನ ರಕ್ತನಾಳದಲ್ಲಿ ಹುಟ್ಟುವ ಮೊದಲೇ ಸುಣ್ಣ ಕೂತಿರಬಹುದು. ಈ ಎರಡು ಮಕ್ಕಳನ್ನು ಪಕ್ಕಪಕ್ಕ ಇಟ್ಟು ಬರೆಯಿರಿ. ನಿಮ್ಮ ಆರು ಪ್ಯಾರಾಗಿಂತ ಇದು ಹೆಚ್ಚು ಹೇಳುತ್ತದೆ.

‘ಅಸಹಜ ಖನಿಜೀಕರಣ ಪ್ರಕ್ರಿಯೆ’ ಬೇಡ. ಸುಣ್ಣ ಕಟ್ಟುವುದು ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ, ಅಲ್ವಾ? ಕಾಯಿಲ್ ಮೇಲಿನದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ರಕ್ತನಾಳದ್ದು ಕ್ಯಾಲ್ಸಿಯಂ ಫಾಸ್ಫೇಟ್ ಎಂದು ಒಮ್ಮೆ ಹೇಳಿಬಿಡಿ.

ಇನ್ನು ಕೊನೆಯ ಪ್ಯಾರಾ. ಅನಾನಸ್ ಹಣ್ಣಿನ ಕಿಣ್ವ ರಕ್ತನಾಳದ ಸುಣ್ಣ ಕರಗಿಸುತ್ತದೆ ಎಂದು ಬರೆದಿದ್ದೀರಿ. ಇದನ್ನು ನಾನು ಖಂಡಿತ ಹಾಕುವುದಿಲ್ಲ. ಅದು ಪ್ರೋಟೀನ್ ಕತ್ತರಿಸುವ ಕಿಣ್ವ, ಸುಣ್ಣ ಪ್ರೋಟೀನ್ ಅಲ್ಲ. ನಮ್ಮನ್ನು ಓದುವವರಲ್ಲಿ ಡಯಾಲಿಸಿಸ್‌ಗೆ ಹೋಗುವವರಿದ್ದಾರೆ. ಅವರಲ್ಲಿ ಫಾಸ್ಫೇಟ್ ಏರಿ ಸುಣ್ಣ ಕಟ್ಟುವ ಭಯ ನಿಜವಾದದ್ದು. ಅವರಲ್ಲಿ ಒಬ್ಬರಾದರೂ ನಿಮ್ಮ ಮಾತು ನಂಬಿ ಮಾತ್ರೆ ಬಿಟ್ಟರೆ?

ಆ ಪ್ಯಾರಾ ಪೂರ್ತಿ ತೆಗೆದು ಕಳಿಸಿ. ಪ್ಲಂಬರ್ ಕಾಯಿಲ್ ಕೆರೆಯುವ ಸಾಲನ್ನು ಮಾತ್ರ ಮುಟ್ಟಬೇಡಿ.