ಬೆಂಕಿ ಆರಿಸಲು ಹೋಗಿ ಕಾಲು ಸುಟ್ಟುಕೊಂಡರೆ ಖರ್ಚು ಯಾರದು?

ಪ್ರಶ್ನೆ: ನಮ್ಮದು ತುಮಕೂರು ತಾಲ್ಲೂಕು, ದೇವರಾಯನದುರ್ಗದ ಬುಡದ ಊರು. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದರೆ ಅರಣ್ಯ ಇಲಾಖೆಯ ಗಾರ್ಡ್ ಫೋನ್ ಮಾಡುತ್ತಾರೆ, ನಾವು ಹತ್ತು ಹನ್ನೆರಡು ಹುಡುಗರು ಹಸಿ ಸೊಪ್ಪು ಹಿಡಿದು ಓಡುತ್ತೇವೆ. ಕೂಲಿಗೆ ಅಲ್ಲ. ಈ ಸಲ ನನ್ನ ಚಿಕ್ಕಪ್ಪನ ಮಗ ಜಾರಿ ಬಿದ್ದು ಎರಡೂ ಪಾದ ಸುಟ್ಟುಕೊಂಡ. ಒಂಬತ್ತು ದಿನ ಆಸ್ಪತ್ರೆ, ಖರ್ಚೆಲ್ಲ ಮನೆಯವರದೇ. ಅಮೆರಿಕದಲ್ಲಿ ಸಂಬಳವಿಲ್ಲದೆ ಬೆಂಕಿ ಆರಿಸುವವರಿಗೂ ಕಾರ್ಮಿಕರ ಪರಿಹಾರ ವಿಮೆ ಇದೆಯಂತೆ. ನಮಗೆ ಇಲ್ವಾ?

ಉತ್ತರ: ಅಲ್ಲಿ ಇರುವುದು ನಿಜ. ಅಮೆರಿಕದ ಎಷ್ಟೋ ಸಣ್ಣ ಊರುಗಳ ಅಗ್ನಿಶಾಮಕ ಪಡೆ ನಡೆಯುವುದೇ ಸ್ವಯಂಸೇವಕರಿಂದ. ನ್ಯೂಯಾರ್ಕ್ ರಾಜ್ಯದಲ್ಲಿ ಅವರಿಗೆಂದೇ ಬೇರೆ ಕಾನೂನಿದೆ, ಕೆಲವು ರಾಜ್ಯಗಳು ಪರಿಹಾರದ ಮಟ್ಟಿಗೆ ಅವರನ್ನು ನೌಕರರೆಂದೇ ಎಣಿಸುತ್ತವೆ. ಆದರೆ ಅವರು ಪಡೆಯ ಪಟ್ಟಿಯಲ್ಲಿ ಹೆಸರಿರುವ ಸದಸ್ಯರು. ನಿಮ್ಮ ಹುಡುಗರ ಹೆಸರು ಯಾವ ಪಟ್ಟಿಯಲ್ಲಿದೆ? ಗಾರ್ಡ್ ಮೊಬೈಲಿನಲ್ಲಿ, ಅಷ್ಟೇ ಅಲ್ವಾ?

ನಮ್ಮಲ್ಲಿ ಕೆಲಸದಲ್ಲಿ ಗಾಯಗೊಂಡವರಿಗಿರುವ ನೌಕರರ ಪರಿಹಾರ ಕಾನೂನು 1923ರದ್ದು, ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಅದು ಕೇಳುವ ಮೊದಲ ಪ್ರಶ್ನೆ, ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಂಡವರು ಯಾರು, ಕೂಲಿ ಎಷ್ಟು ಎಂದು. ಕೂಲಿಯೇ ಇಲ್ಲ ಅಂದರೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದ ಹಾಗೆ. ಒಳ್ಳೆಯ ಕೆಲಸಕ್ಕೆ ಹೋದವನಿಗಿಂತ ಕೂಲಿಗೆ ಹೋದವನಿಗೆ ಕಾನೂನು ಜಾಸ್ತಿ ನೆರಳು ಕೊಡುತ್ತದೆ, ಏನು ಮಾಡುವುದು.

ನಿಮಗೆ ಉಳಿದ ದಾರಿ ತಹಶೀಲ್ದಾರ್ ಕಚೇರಿಯದು. ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಬೆಂಕಿ ಅನಾಹುತವೂ ಇದೆ. 2022–26ರ ದರದಲ್ಲಿ ಸಾವಿಗೆ 4 ಲಕ್ಷ ರೂಪಾಯಿ, ಮತ್ತು ಅದರಲ್ಲಿ ಪರಿಹಾರ ಕಾರ್ಯಕ್ಕೆ ಹೋದವರೂ ಸೇರುತ್ತಾರೆ ಎಂದು ಬರೆದೇ ಇದೆ. ತೀವ್ರವಾಗಿ ಗಾಯಗೊಂಡು ಒಂದು ವಾರಕ್ಕಿಂತ ಜಾಸ್ತಿ ಆಸ್ಪತ್ರೆಯಲ್ಲಿದ್ದರೆ 16,000, ಕಡಿಮೆಯಾದರೆ 5,400. ನಿಮ್ಮ ತಮ್ಮ ಒಂಬತ್ತು ದಿನ ಇದ್ದನಲ್ಲ, ಅರ್ಜಿ ಹಾಕಿ. ಹುಲ್ಲುಗುಡ್ಡ ಉರಿದದ್ದು ಅನಾಹುತವೇ ಅಲ್ಲ ಎಂದು ಯಾರಾದರೂ ಗೊಣಗಬಹುದು, ಬಾಯಿಮಾತಿಗೆ ವಾಪಸ್ ಬರಬೇಡಿ, ಹಿಂಬರಹ ಕೇಳಿ ತನ್ನಿ.

ಅರ್ಜಿ ನಿಲ್ಲುವುದು ಕಾಗದದ ಮೇಲೆ. ಗಾರ್ಡ್ ಫೋನ್ ಮಾಡಿದ ಕರೆಪಟ್ಟಿ, ವಾಟ್ಸಾಪ್ ಮೆಸೇಜು ಇದ್ದರೆ ಅದು, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ. ಸುಟ್ಟ ಗಾಯ ಅಂದರೆ ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ದಾಖಲೆ, ಮಾಡಬೇಕು. ಬಹಳ ಜನ ಪೊಲೀಸ್ ಗೋಜಲು ಬೇಡ ಎಂದು "ಒಲೆ ಮುಂದೆ ಸುಟ್ಟಿತು" ಅಂತ ಬರೆಸಿಬಿಡುತ್ತಾರೆ. ಆ ಒಂದು ಸಾಲು ಸಾಕು, ಮುಂದೆ ಯಾವ ಪರಿಹಾರವೂ ಬರುವುದಿಲ್ಲ.

ಇನ್ನು ವಿಮೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಮುರಿಯುವ ಸುರಕ್ಷಾ ಬಿಮಾ ಎಲ್ಲರಿಗೂ ಗೊತ್ತು. 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕಣ್ಣು, ಕೈ ಅಥವಾ ಪಾದ ಪೂರ್ತಿ ಹೋದರೆ 1 ಲಕ್ಷ. ಮಾಡಿಸಿ, ಬೇಡ ಅನ್ನುವುದಿಲ್ಲ. ಆದರೆ ಪಾದ ಸುಟ್ಟು ಬೊಬ್ಬೆ ಎದ್ದು ತಿಂಗಳು ಮಲಗಿದರೆ ಅದರಿಂದ ಒಂದು ರೂಪಾಯಿಯೂ ಬರದು. ಆಸ್ಪತ್ರೆ ಖರ್ಚಿಗೆ ಆಯುಷ್ಮಾನ್ ಕಾರ್ಡ್ ಇರಲಿ, ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಆಗುತ್ತದೆ. ಕೂಲಿ ತಪ್ಪಿದ್ದಕ್ಕೆ? ನಿಮ್ಮ ಗುಂಪನ್ನು ಸಂಘವೆಂದು ನೋಂದಾಯಿಸಿ, ಎಲ್ಲರಿಗೂ ಸೇರಿಸಿ ಒಂದು ಗುಂಪು ಅಪಘಾತ ಪಾಲಿಸಿ ಮಾಡಿಸಿ. ತೆಗೆದುಕೊಳ್ಳುವಾಗ ಏಜೆಂಟರನ್ನು ಎರಡೇ ಕೇಳಿ: ಮಲಗಿದ ವಾರಗಳಿಗೆ ದುಡ್ಡು ಕೊಡುತ್ತೀರಾ, ಬೆಂಕಿ ಆರಿಸುವ ಕೆಲಸವನ್ನು ಪಾಲಿಸಿಯಲ್ಲಿ ಹೊರಗಿಟ್ಟಿದ್ದೀರಾ? ಉತ್ತರ ಕಾಗದದಲ್ಲಿ ಬರಲಿ.

ಪ್ರಶ್ನೆ: ಚಿಕ್ಕಬಳ್ಳಾಪುರ ಕಡೆಯವಳು. ನನ್ನ ಯಜಮಾನರು ಗುತ್ತಿಗೆದಾರರ ಕೈಕೆಳಗೆ ಬೇಸಿಗೆಯ ಮೂರು ತಿಂಗಳು ಅರಣ್ಯ ಇಲಾಖೆಯ ಫೈರ್ ವಾಚರ್ (ಬೆಂಕಿ ಕಾಯುವವರು) ಆಗಿ ಹೋಗುತ್ತಾರೆ. ದಿನಗೂಲಿ. ಏನಾದರೂ ಆದರೆ "ಪರ್ಮನೆಂಟ್ ಅಲ್ಲ, ಏನೂ ಇಲ್ಲ" ಅನ್ನುತ್ತಾರೆ. ನಿಜವಾ?

ಉತ್ತರ: ಸುಳ್ಳು ತಾಯಿ. ಪರ್ಮನೆಂಟ್ ಆಗಿರಬೇಕೆಂದು ಕಾನೂನಿನಲ್ಲಿ ಎಲ್ಲೂ ಇಲ್ಲ, ಮೂರು ತಿಂಗಳ ದಿನಗೂಲಿಯೂ ನೌಕರನೇ. ಗುತ್ತಿಗೆದಾರ ಕೈ ಎತ್ತಿದರೂ ಕೆಲಸ ಕೊಟ್ಟ ಇಲಾಖೆಯ ಮೇಲೆಯೇ ಹಕ್ಕು ಕೇಳಬಹುದು, ಇಲಾಖೆ ಬೇಕಾದರೆ ಆಮೇಲೆ ಅವರಿಂದ ವಸೂಲಿ ಮಾಡಿಕೊಳ್ಳಲಿ. ಲೆಕ್ಕ ಹೀಗೆ: ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿನ ಅಂಶದಿಂದ, ಅಂದರೆ ವಯಸ್ಸಿಗೆ ತಕ್ಕಂತೆ ಕಾನೂನಿನ ಪಟ್ಟಿಯಲ್ಲಿ ಕೊಟ್ಟಿರುವ ಅಂಕಿಯಿಂದ, ಗುಣಿಸಬೇಕು. 30 ವರ್ಷದವರಿಗೆ ಆ ಅಂಶ 207.98. ಕೂಲಿ 12,000 ಆದರೆ 12,47,880 ರೂಪಾಯಿ. ಪೂರ್ತಿ ಶಾಶ್ವತ ಅಂಗವೈಕಲ್ಯವಾದರೆ ಅರ್ಧದ ಬದಲು ಶೇ 60. ಲೆಕ್ಕಕ್ಕೆ ಹಿಡಿಯುವ ಕೂಲಿಗೆ 2020ರಿಂದ 15,000ದ ಮಿತಿ ಇದೆ. ಅರ್ಜಿಗೆ ಎರಡು ವರ್ಷ ಕಾಲಾವಕಾಶ.

ಇವತ್ತೇ ಮಾಡಬೇಕಾದ್ದು ಒಂದಿದೆ. ಕೂಲಿಯನ್ನು ಕೈಗೆ ಬೇಡ, ಖಾತೆಗೆ ಹಾಕಿ ಎಂದು ಹೇಳಿ. ಒಪ್ಪದಿದ್ದರೆ ಹಾಜರಿ ಪುಸ್ತಕದಲ್ಲಿ ಯಜಮಾನರ ಹೆಸರಿರುವ ಪುಟದ ಫೋಟೋ ತೆಗೆದು ನಿಮ್ಮ ಫೋನಿನಲ್ಲೂ ಇಟ್ಟುಕೊಳ್ಳಿ.