ಬಲಗಳು ಸರಿಸಮವಾದ ಮೇಲೂ ಮಳೆಹನಿ ಬೀಳುತ್ತಲೇ ಇರುವುದೇಕೆ?

ಮಳೆಹನಿಯ ಮೇಲೆ ಗುರುತ್ವ ಬಲವೂ ಗಾಳಿಯ ತಡೆಯೂ ಸಮವಾಗುತ್ತವೆ ಎಂದು ಎಂಟನೆಯ ತರಗತಿಯ ಮಗನಿಗೆ ತಾವು ಹೇಳಿದಿರಿ. ಹಾಗಾದರೆ ಹನಿ ನಡುಗಾಳಿಯಲ್ಲೇ ನಿಂತುಬಿಡಬೇಕಲ್ಲ ಎಂದು ಅವನು ಕೇಳಿದ. ತೀರ್ಥಹಳ್ಳಿಯ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನಗೂ ಆಷಾಢದ ಒಂದು ಮಧ್ಯಾಹ್ನ ಇದೇ ಪ್ರಶ್ನೆ ಎದುರಾಗಿತ್ತು. ಹೆಂಚಿನ ಮೇಲೆ ಮಳೆ ಹೊಯ್ಯುವ ಸದ್ದಿನಲ್ಲಿ ನನ್ನ ಮಾತು ಹಿಂದಿನ ಬೆಂಚಿಗೆ ಕೇಳಿಸುತ್ತಿಲ್ಲ ಎಂಬ ನೆಪ ಹೇಳಿ ನಾನು ಅಂದು ಜಾರಿಕೊಂಡೆ.

ಗಾಳಿಯ ತಡೆ ಎಷ್ಟು ದೊಡ್ಡದು ಎಂಬುದು ಮೊದಲು ಹುಡುಗನಿಗೆ ಮನದಟ್ಟಾಗಬೇಕು. ಎರಡು ಕಿಲೋಮೀಟರ್ ಎತ್ತರದಿಂದ ಹೊರಟ ಹನಿಗೆ ಗಾಳಿಯೇ ಅಡ್ಡ ಬರದಿದ್ದರೆ, ಅದು ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 198 ಮೀಟರ್, ಅಂದರೆ ಗಂಟೆಗೆ 700 ಕಿಲೋಮೀಟರನ್ನೂ ಮೀರಿದ ಜವದಲ್ಲಿರುತ್ತಿತ್ತು. ಆಗುಂಬೆಯಲ್ಲಿ ಒಂದು ಹೆಂಚೂ ಉಳಿಯುತ್ತಿರಲಿಲ್ಲ. ವಾಸ್ತವದಲ್ಲಿ 5 ಮಿಲಿಮೀಟರ್ ಅಡ್ಡಳತೆಯ ದಪ್ಪ ಹನಿಯೂ ಸೆಕೆಂಡಿಗೆ ಸುಮಾರು 9 ಮೀಟರ್ ಜವದಲ್ಲಷ್ಟೇ ಬೀಳುತ್ತದೆ. 15 ಮೀಟರ್ ಎತ್ತರದ ಮರದಿಂದ ಉದುರುವ ಹಣ್ಣಡಿಕೆ ಇದಕ್ಕಿಂತ ಬಹಳ ಜೋರಾಗಿ ಬರುತ್ತದೆ, ಏಕೆಂದರೆ ಅದರ ತೂಕದ ಮುಂದೆ ಗಾಳಿಯ ತಡೆ ಅಲ್ಪ. ತೋಟದಲ್ಲಿ ತಲೆಗೆ ಬೀಳಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹನಿ ಹೊರಟ ಕ್ಷಣದಲ್ಲಿ ಅದರ ಮೇಲೆ ಗುರುತ್ವ ಬಲವೊಂದೇ ಇರುತ್ತದೆ, ಆದ್ದರಿಂದ ಜವ ಏರತೊಡಗುತ್ತದೆ. ಜವ ಏರಿದಂತೆ ಗಾಳಿಯ ತಡೆಯೂ ಏರುತ್ತದೆ, ಅದೂ ದುಪ್ಪಟ್ಟು ಜವಕ್ಕೆ ಸುಮಾರು ನಾಲ್ಕು ಪಟ್ಟಿನಂತೆ. ದಪ್ಪ ಹನಿಯೊಂದು ಸುಮಾರು ಇಪ್ಪತ್ತು ಮೀಟರ್ ಬೀಳುವಷ್ಟರಲ್ಲಿ ಎರಡು ಬಲಗಳೂ ಬಹುಮಟ್ಟಿಗೆ ಸಮವಾಗಿಬಿಡುತ್ತವೆ, ಮತ್ತು ತಮ್ಮ ಮಗನ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಆ ಕ್ಷಣದಲ್ಲಿ ಹನಿ ನಿಂತೇಬಿಟ್ಟಿತು ಎಂದು ಭಾವಿಸೋಣ. ಗಾಳಿಯ ತಡೆ ಹುಟ್ಟಿದ್ದೇ ಹನಿ ಗಾಳಿಯನ್ನು ಸೀಳಿಕೊಂಡು ಚಲಿಸುತ್ತಿದ್ದುದರಿಂದ. ಹನಿ ನಿಂತ ಕೂಡಲೇ ತಡೆಯೂ ಇಲ್ಲವಾಗುತ್ತದೆ, ಗುರುತ್ವ ಬಲ ಮತ್ತೆ ಒಂಟಿಯಾಗಿ ಉಳಿಯುತ್ತದೆ, ಹನಿ ಮತ್ತೆ ಬೀಳತೊಡಗುತ್ತದೆ. ಹಾಗೆಂದು ಸೆಕೆಂಡಿಗೆ 9 ಮೀಟರಿನ ಗಡಿ ದಾಟಿ ಓಡಿದರೆ ತಡೆಯೇ ಮೇಲುಗೈ ಪಡೆದು ಅದನ್ನು ಹಿಂದಕ್ಕೆಳೆಯುತ್ತದೆ. ಆದ್ದರಿಂದ ಬಲಗಳು ಸಮವಾಗಿಯೇ ಉಳಿಯಬೇಕಾದರೆ ಹನಿ ಅದೇ ಜವದಲ್ಲಿ ಬೀಳುತ್ತಲೇ ಇರಬೇಕು. ಇದಕ್ಕೆ ಅಂತಿಮ ವೇಗ ಎಂದು ಹೆಸರು.

ತೊಡಕಿನ ಬೇರು ಇರುವುದು ಚಲನೆ ಇರಬೇಕಾದರೆ ಬಲ ಇರಲೇಬೇಕು ಎಂಬ ನಮ್ಮ ನಂಬಿಕೆಯಲ್ಲಿ. ಪೆಡಲ್ ತುಳಿಯುವುದನ್ನು ಬಿಟ್ಟರೆ ಸೈಕಲ್ ನಿಲ್ಲುವುದನ್ನು ದಿನವೂ ನೋಡುವವರಿಗೆ ಹಾಗೆ ಅನ್ನಿಸುವುದು ಸಹಜವೇ. ಆದರೆ ಅದನ್ನು ನಿಲ್ಲಿಸುವುದು ಘರ್ಷಣೆ ಮತ್ತು ಗಾಳಿಯ ತಡೆ ಎಂಬ ಬಲಗಳು, ಬಲದ ಅಭಾವವಲ್ಲ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೊದಲನೆಯ ನಿಯಮದಂತೆ, ಒಟ್ಟು ಬಲ ಸೊನ್ನೆಯಾದಾಗ ನಿಂತದ್ದು ನಿಂತೇ ಇರುತ್ತದೆ, ಚಲಿಸುತ್ತಿದ್ದದ್ದು ಅದೇ ವೇಗದಲ್ಲಿ ನೇರವಾಗಿ ಚಲಿಸುತ್ತಿರುತ್ತದೆ. ಈ ಎರಡನೆಯ ಅರ್ಧವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆಯೇ ಹೊರತು ನಂಬುವುದಿಲ್ಲ ಎಂಬುದು ನನ್ನ ಅನುಭವ.

ನಂಬಿಸಲು ಪ್ರಸಾದಕ್ಕೆ ಬಳಸುವ ತೆಳುವಾದ ಕಾಗದದ ದೊನ್ನೆಗಳು ಐದು ಸಾಕು. ಒಂದನ್ನು ಒಂದು ಕೈಯಲ್ಲಿ, ಒಂದರೊಳಗೊಂದು ಸೇರಿಸಿದ ನಾಲ್ಕನ್ನು ಇನ್ನೊಂದು ಕೈಯಲ್ಲಿ ಹಿಡಿದು, ಬಾಯಿ ಮೇಲಾಗಿ ಅಟ್ಟದಿಂದ ಒಟ್ಟಿಗೆ ಬಿಡಲಿ. ಗಾಳಿಗೆ ಎದುರಾಗುವ ತಳ ಎರಡರಲ್ಲೂ ಒಂದೇ ಅಳತೆಯದಾದರೂ, ನಾಲ್ಕರ ತೂಕವನ್ನು ಸರಿಗಟ್ಟುವಷ್ಟು ತಡೆ ಹುಟ್ಟಬೇಕಾದರೆ ಅದು ಸುಮಾರು ಇಮ್ಮಡಿ ಜವ ಪಡೆಯಬೇಕಾದ್ದರಿಂದ ಮೊದಲೇ ನೆಲ ಮುಟ್ಟುತ್ತದೆ. ಒಂಟಿ ದೊನ್ನೆಯಾದರೋ ಕೈಬಿಟ್ಟ ಸ್ವಲ್ಪ ಹೊತ್ತಿಗೇ ಒಂದೇ ಹದಕ್ಕೆ ಬಂದು, ಅವಸರವಿಲ್ಲದೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಫ್ಯಾನ್ ಆರಿಸುವುದನ್ನು ಮರೆಯಬಾರದು, ನಾನು ಮರೆತಿದ್ದೆ.

ಹನಿ ನಡುಗಾಳಿಯಲ್ಲಿ ನಿಂತದ್ದನ್ನು ನೋಡಲೇಬೇಕು ಎಂದು ಮಗ ಹಟ ಹಿಡಿದರೆ ಘಾಟಿಯ ಮಂಜನ್ನು ತೋರಿಸಿ. ಅದರ ಹನಿಗಳ ಅಡ್ಡಳತೆ ಸುಮಾರು 0.02 ಮಿಲಿಮೀಟರ್, ಅಂತಿಮ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿನ ಆಸುಪಾಸು. ಕಣಿವೆಯಿಂದ ಮೇಲೇರುವ ಸಣ್ಣ ಗಾಳಿಯೂ ಅವನ್ನು ಎತ್ತಿ ಹಿಡಿಯಬಲ್ಲದು. ಅವೂ ತಮ್ಮ ಸುತ್ತಲಿನ ಗಾಳಿಯೊಳಗೆ ಕೆಳಕ್ಕೆ ಬೀಳುತ್ತಲೇ ಇರುತ್ತವೆ.