ಮಗಳ ಪಂಪಿಗೆ ಯಾವ ಸೆಲ್ ಹಾಕಬೇಕು?

ನಮಸ್ಕಾರ. ಮಗಳ ಇನ್ಸುಲಿನ್ ಪಂಪಿಗೆ ಹಾಕುವ ಎಎ ಅಲ್ಕಲೈನ್ ಸೆಲ್ ವಾರದೊಳಗೇ ಮುಗಿಯುತ್ತದೆಂದೂ, ಕಕ್ಕಡದ (ಜುಲೈ-ಆಗಸ್ಟಿನ) ಮಳೆಗೆ ರಸ್ತೆ ಕೆಟ್ಟರೆ ಭಾಗಮಂಡಲದಿಂದ ಮಡಿಕೇರಿಗೆ ಬಂದು ಕೊಳ್ಳುವುದು ಕಷ್ಟವೆಂದೂ ಬರೆದಿದ್ದೀರಿ. ಪಂಪಿನ ಕೈಪಿಡಿ ಒಪ್ಪುವುದಾದರೆ, 1.5 ವೋಲ್ಟಿನ, ಮರುಚಾರ್ಜ್ ಮಾಡಲಾಗದ ಲಿಥಿಯಂ ಸೆಲ್ಲನ್ನೇ ಆರಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಅದು ದುಬಾರಿಯೇ ಸರಿ, ಆದರೆ ಹೆಚ್ಚು ಕಾಲ ಬಾಳುತ್ತದೆ, ಚಳಿಗೂ ಅಷ್ಟಾಗಿ ಸೊರಗುವುದಿಲ್ಲ.

ಆದರೆ ಅಲ್ಕಲೈನ್ ಸೆಲ್ಲಿನ ವೋಲ್ಟೇಜು ಮೆಲ್ಲಮೆಲ್ಲನೆ ಇಳಿದರೆ, ಲಿಥಿಯಂನದು ಬಹುತೇಕ ಕೊನೆಯವರೆಗೂ ಸಮನಾಗಿದ್ದು ಥಟ್ಟನೆ ಕುಸಿಯುವುದರಿಂದ, ಎಚ್ಚರಿಕೆಯ ಸೂಚನೆ ಬಂದ ಮೇಲೆ ‘ನಾಳೆ ನೋಡೋಣ’ ಎಂದು ಕಾಯಬಾರದು. ಕೆಲವು ಪಂಪುಗಳಲ್ಲಿ ಸೆಲ್ಲಿನ ಬಗೆಯನ್ನು ಮೆನುವಿನಲ್ಲಿ ನಮೂದಿಸಬೇಕಾಗುತ್ತದೆ. ತಪ್ಪಿದರೆ ಆ ಸೂಚನೆಯೂ ಸರಿಯಾಗಿ ಬಾರದು. ಹೆಸರಿನ ಸಾಮ್ಯಕ್ಕೆ ಮರುಳಾಗಿ, ಅದೇ ಗಾತ್ರದ 3.7 ವೋಲ್ಟಿನ ಲಿಥಿಯಂ-ಅಯಾನ್ ಸೆಲ್ಲನ್ನು ಮಾತ್ರ ಎಂದಿಗೂ ಹಾಕಬೇಡಿ, ಪಂಪೇ ಹಾಳಾದೀತು. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ಲುಗಳೂ ಬೇಡ.

ಬಿಡಿ ಸೆಲ್ಲುಗಳನ್ನು ಫ್ರಿಜ್ಜಿನಲ್ಲಿಟ್ಟು ತೆಗೆದರೆ ನಮ್ಮ ಮಳೆಗಾಲದ ಗಾಳಿಗೆ ಮೇಲೆಲ್ಲ ಬೆವರುತ್ತವೆ; ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹೊರಗೇ ಇಡಿ. ಪಂಪಿನಲ್ಲಿರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರವಾದ್ದರಿಂದ, ಪಂಪು ನಿಂತ ಕೆಲವೇ ಗಂಟೆಗಳಲ್ಲಿ ರಕ್ತದ ಸಕ್ಕರೆಯೂ, ಇನ್ಸುಲಿನ್ ಸಾಲದಾದಾಗ ಮೈ ಕೊಬ್ಬನ್ನು ಕರಗಿಸಿ ಉಂಟಾಗುವ ಆಮ್ಲೀಯ ವಸ್ತುವಾದ ಕೀಟೋನೂ ಏರತೊಡಗುತ್ತವೆ; ಹಾಗಾಗಿ ವೈದ್ಯರನ್ನು ಕೇಳಿ ಇನ್ಸುಲಿನ್ ಪೆನ್ನೊಂದನ್ನೂ ಮನೆಯಲ್ಲಿಟ್ಟುಕೊಳ್ಳಿ.